ಬೆಳಗಾವಿಯ ಮಳೆಗಾಲದ ಸೈಕಲ್ ಸವಾರಿಗೆ ಜಾಕೆಟ್: ಚೀಟಿಯ ಮೇಲಿನ ಅಂಕಿಗಳನ್ನು ಹೇಗೆ ಓದಬೇಕು?

ಪ್ರಶ್ನೆ
ಬರೆದವರು: ಶಹಾಪುರದ ಸವಾರ

ಎಲ್ಲರಿಗೂ ನಮಸ್ಕಾರ. ನಾನು ಶಹಾಪುರದಿಂದ ಮಚ್ಛೆಯ ಕಾರ್ಖಾನೆಗೆ ದಿನವೂ ಸೈಕಲ್ಲಿನಲ್ಲಿ ಹೋಗಿಬರುತ್ತೇನೆ. ಉದ್ಯಮಬಾಗ, ಪೀರನವಾಡಿ ದಾಟಿ ಖಾನಾಪುರ ರಸ್ತೆಯಲ್ಲಿ ಸಾಗುವ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚಿನ ದಾರಿ ಇದು. ಮೃಗಶಿರಾ ಹಿಡಿದಾಗಿನಿಂದ ಮಘೆ ಮುಗಿಯುವವರೆಗೂ ಇಲ್ಲಿ ಮಳೆ ಹೇಗೆ ಸುರಿಯುತ್ತದೆ ಎಂಬುದನ್ನು ಊರಿನವರಿಗೆ ಹೇಳಬೇಕಾಗಿಲ್ಲ. ಒಮ್ಮೆ ಜೋರಾಗಿ ಬಂದು ನಿಂತುಬಿಡುವ ಮಳೆಯಾದರೆ ಎಲ್ಲಿಯಾದರೂ ನಿಂತು ಕಾಯಬಹುದು. ಆದರೆ ಇಡೀ ದಿನ ಜಿಟಿಜಿಟಿ ಎಂದು ಹಿಡಿದು, ನಡುನಡುವೆ ಗಾಳಿಯೊಡನೆ ಅಡ್ಡ ಹೊಡೆಯುವ ಈ ಮಳೆಯಲ್ಲಿ ಕಾಯುತ್ತ ಕೂತರೆ ಪಾಳಿ ತಪ್ಪುತ್ತದೆ.

ಸದ್ಯ ನನ್ನ ಬಳಿ ಒಳಭಾಗಕ್ಕೆ ಲೇಪ ಕೊಟ್ಟ ನೈಲಾನ್ ಜಾಕೆಟ್ ಒಂದಿದೆ. ಮೊದಮೊದಲು ಅದರ ಮೇಲೆ ನೀರು ಮಣಿಗಳಂತೆ ಉರುಳಿ ಹೋಗುತ್ತಿತ್ತು, ಈಗ ಹೊರಬಟ್ಟೆ ನೀರು ಕುಡಿದು ಕಪ್ಪಗೆ ಕಾಣುತ್ತದೆ. ಕಾರ್ಖಾನೆ ತಲಪುವ ಹೊತ್ತಿಗೆ ಮುಂಗೈ, ಬೆನ್ನು ಮತ್ತು ಹೆಗಲಿನ ಭಾಗದಲ್ಲಿ ಒಳಗಿನ ಅಂಗಿ ಒದ್ದೆಯಾಗಿರುತ್ತದೆ. ಇದು ಮಳೆಯ ನೀರು ಒಳಗೆ ಇಳಿದದ್ದೋ, ನನ್ನದೇ ಬೆವರೋ ಎಂಬುದನ್ನು ಖಚಿತವಾಗಿ ತಿಳಿಯುವ ದಾರಿ ಇದೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಹೊಸ ಜಾಕೆಟ್‌ನ ವಿಚಾರ. ನಾನು ಮೂರನ್ನು ನೋಡಿಟ್ಟಿದ್ದೇನೆ. ಒಂದರ ಚೀಟಿಯ ಮೇಲೆ 10,000 ಮಿ.ಮೀ. ಮತ್ತು 10,000 ಗ್ರಾಂ ಎಂಬ ಎರಡು ಅಂಕಿಗಳಿವೆ. ಇನ್ನೊಂದರ ಮೇಲೆ 20,000 ಮಿ.ಮೀ. ಎಂದಷ್ಟೇ ಇದೆ, ಆವಿಯ ಬಗ್ಗೆ ಏನೂ ಇಲ್ಲ. ಮೂರನೆಯದು ತೆಳ್ಳಗಿದೆ, ಅಂಕಿ ಬರೀ 5,000, ಆದರೆ ಕಂಕುಳಲ್ಲಿ ಝಿಪ್ಪೂ ಬೆನ್ನ ಮೇಲೆ ಗಾಳಿ ಆಡುವ ಕಿಂಡಿಯೂ ಇವೆ. ಬೆಲೆಯಲ್ಲಿ ಎರಡನೆಯದೇ ಎಲ್ಲಕ್ಕಿಂತ ಹೆಚ್ಚು. ನಮ್ಮ ಹವೆಗೆ ಈ ಅಂಕಿಗಳ ಅರ್ಥವೇನು, ಅಂಗಡಿಯಲ್ಲಿ ನಿಂತು ಕೈಯಿಂದ ಮುಟ್ಟಿ ನೋಡಿ ಏನನ್ನು ಪರೀಕ್ಷಿಸಬಹುದು ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ
ಬರೆದವರು: ನೂಲು–ನೇಯ್ಗೆ

ನಮಸ್ಕಾರ. ಬಟ್ಟೆಗಳ ಪರೀಕ್ಷೆಯ ಕೆಲಸದಲ್ಲಿ ಬಹುಕಾಲ ಇದ್ದವನಾದ್ದರಿಂದ ಅಂಕಿಗಳ ವಿಚಾರವನ್ನು ನಾನು ಹೇಳುತ್ತೇನೆ. ಹೊಲಿಗೆ, ಅಳತೆಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಮಿಲಿಮೀಟರಿನಲ್ಲಿ ಹೇಳುವ ಅಂಕಿ ನೀರಿನ ಕಂಬದ ಎತ್ತರ. ಬಟ್ಟೆಯನ್ನು ಬಿಗಿದು ಒಂದು ಬದಿಯಿಂದ ನೀರಿನ ಒತ್ತಡವನ್ನು ಮೆಲ್ಲಗೆ ಏರಿಸುತ್ತ ಹೋಗುತ್ತಾರೆ. ಇನ್ನೊಂದು ಬದಿಯಲ್ಲಿ ಮೂರು ಕಡೆ ಹನಿ ಕಾಣಿಸಿಕೊಂಡಾಗಿನ ಒತ್ತಡವೇ ಆ ಅಂಕಿ. 10,000 ಮಿ.ಮೀ. ಎಂದರೆ ಹತ್ತು ಮೀಟರ್ ಎತ್ತರದ ನೀರಿನ ಭಾರ, ಅಂದರೆ ಹೆಚ್ಚೂಕಡಿಮೆ ಒಂದು ವಾಯುಮಂಡಲದ ಒತ್ತಡ. ಸಾಮಾನ್ಯ ಮಳೆಯ ಹೊಡೆತದ ಒತ್ತಡ ಇದಕ್ಕಿಂತ ಕಡಿಮೆ. ಮಳೆಯಲ್ಲಿ ದುಡಿಯುವ ಕೆಲಸಗಾರರ ಉಡುಪಿಗೆ ಯುರೋಪಿನಲ್ಲಿರುವ ಇ.ಎನ್. 343 ಎಂಬ ಮಾನಕದ 2019ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಗೆ ಕೇಳುವುದು 20,000 ಪಾಸ್ಕಲ್. ಅದು ನೀರಿನ ಕಂಬದ ಲೆಕ್ಕದಲ್ಲಿ ಸುಮಾರು 2,000 ಮಿ.ಮೀ. ಮಾತ್ರ. ಹಾಗಾಗಿ ತಾವು ನೋಡಿಟ್ಟಿರುವ ಮೂರೂ ಜಾಕೆಟ್‌ಗಳ ಬಟ್ಟೆ ಹೊಸದಾಗಿರುವಾಗ ಬೆಳಗಾವಿಯ ಮಳೆಯನ್ನು ತಡೆಯುತ್ತದೆ. ಒತ್ತಡ ನಿಜವಾಗಿ ಏರುವುದು ಬೆನ್ನಿನ ಚೀಲದ ಪಟ್ಟಿ ಹೆಗಲನ್ನು ಒತ್ತುವ ಕಡೆ. ಅಲ್ಲಿಗೆ 5,000 ಇರುವುದು ಒಳ್ಳೆಯದು, ಅದರಾಚೆಗಿನ 20,000ಕ್ಕೆ ಹೆಚ್ಚು ಹಣ ಕೊಡಲು ಸೈಕಲ್ ಸವಾರನಿಗೆ ಕಾರಣ ಕಾಣುವುದಿಲ್ಲ.

ಎರಡನೆಯ ಅಂಕಿ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ಮೂಲಕ ದಿನವೊಂದಕ್ಕೆ ಎಷ್ಟು ಗ್ರಾಂ ನೀರಾವಿ ಹೊರಹೋಗುತ್ತದೆ ಎಂಬುದು, ಇನ್ನೂ ಹೆಚ್ಚು ಎಚ್ಚರಿಕೆಯಿಂದ ಓದಬೇಕಾದದ್ದು. ಲೆಕ್ಕ ಹಾಕಿ ನೋಡೋಣ. 10,000 ಗ್ರಾಂ ಎಂದರೆ ಗಂಟೆಗೆ ಸುಮಾರು 417 ಗ್ರಾಂ. ಸಾಧಾರಣ ವೇಗದಲ್ಲಿ ಹೋಗುವ ಸವಾರ ಪೆಡಲಿಗೆ 100 ವಾಟ್ ಕೊಡುತ್ತಾನೆ ಎಂದಿಟ್ಟುಕೊಂಡರೆ, ಮನುಷ್ಯನ ದೇಹ ತಾನು ಸುಡುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲನ್ನೂ ಪೂರ್ತಿಯಾಗಿ ಕೆಲಸಕ್ಕೆ ತಿರುಗಿಸಲಾರದಾದ್ದರಿಂದ, 300 ವಾಟ್‌ಗೂ ಮಿಕ್ಕಿದ ಶಾಖವನ್ನು ಆತ ಹೊರಹಾಕಲೇಬೇಕು. ಒಂದು ಲೀಟರ್ ಬೆವರು ಒಂದು ಗಂಟೆಯಲ್ಲಿ ಆವಿಯಾದರೆ ಸುಮಾರು 670 ವಾಟ್‌ನಷ್ಟು ಶಾಖವನ್ನು ಒಯ್ಯುತ್ತದೆ. ಅಂದಮೇಲೆ ಗಂಟೆಗೆ ಹತ್ತಿರಹತ್ತಿರ ಅರ್ಧ ಲೀಟರ್ ಬೆವರು ಬರುತ್ತದೆ. ಕಾಗದದ ಮೇಲೆ 10,000 ಗ್ರಾಂನ ಜಾಕೆಟ್ ಇದಕ್ಕೆ ಬಹುಮಟ್ಟಿಗೆ ಸಾಲುವಂತೆ ಕಾಣುತ್ತದೆ.

ಆದರೆ ಆ 10,000 ಎಲ್ಲಿಂದ ಬಂತು ಎಂಬುದನ್ನು ಕೇಳಬೇಕು. ಈ ಅಳತೆಗೆ ಹಲವು ವಿಧಾನಗಳಿವೆ. ಜಪಾನಿನ ಮಾನಕದ ಬಿ–1 ವಿಧಾನದಲ್ಲಿ ನೀರನ್ನು ಬಲವಾಗಿ ಎಳೆದುಕೊಳ್ಳುವ ಲವಣದ ದ್ರಾವಣವನ್ನು ಇಟ್ಟು ಅಳೆಯುತ್ತಾರೆ, ಅಲ್ಲಿ ಆವಿ ಬಹಳ ವೇಗವಾಗಿ ಸಾಗುತ್ತದೆ. ಬಟ್ಟಲನ್ನು ನೆಟ್ಟಗೆ ಇಟ್ಟು ಗಾಳಿಯಲ್ಲಿ ಅಳೆಯುವ ವಿಧಾನದಲ್ಲಿ ಅದೇ ಬಟ್ಟೆಗೆ ಇದಕ್ಕಿಂತ ಎಷ್ಟೋ ಚಿಕ್ಕ ಅಂಕಿ ಬರುತ್ತದೆ. ಚೀಟಿಯ ಮೇಲೆ ವಿಧಾನದ ಹೆಸರೇ ಇಲ್ಲದಿದ್ದರೆ ಎರಡು ತಯಾರಕರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಕೆಲವರು ಆರ್.ಇ.ಟಿ. ಎಂಬ ಇನ್ನೊಂದು ಅಂಕಿ ಕೊಡುತ್ತಾರೆ. ಅದು ಆವಿಗೆ ಬಟ್ಟೆ ಒಡ್ಡುವ ಪ್ರತಿರೋಧ, ಆದ್ದರಿಂದ ಕಡಿಮೆ ಇದ್ದಷ್ಟೂ ಒಳ್ಳೆಯದು. 6ಕ್ಕಿಂತ ಕೆಳಗಿದ್ದರೆ ಅತ್ಯುತ್ತಮವೆಂದೂ, 20 ದಾಟಿದರೆ ಶ್ರಮದ ಕೆಲಸಕ್ಕೆ ಒಗ್ಗದೆಂದೂ ಸಾಮಾನ್ಯವಾಗಿ ಎಣಿಸುತ್ತಾರೆ. ಇದು ಚೀಟಿಯ ಮೇಲಿದ್ದರೆ ಮೊದಲು ಅದನ್ನೇ ನೋಡಿ.

ನಮ್ಮ ಊರಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನು ಮುಂದಿನದು. ಉಸಿರಾಡುವ ಬಟ್ಟೆ ಎಂದು ಕರೆಯಲಾಗುವ ಬಟ್ಟೆ ತಾನಾಗಿ ಏನನ್ನೂ ಹೊರಗೆ ತಳ್ಳುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರುವಷ್ಟು ಮಟ್ಟಿಗೆ ಮಾತ್ರ ಆವಿ ಹೊರಗೆ ಸಾಗುತ್ತದೆ. ಬೆವರಿನಿಂದ ನೆನೆದ 34 ಡಿಗ್ರಿಯ ಚರ್ಮದ ಬಳಿ ಈ ಒತ್ತಡ ಸುಮಾರು 53 ಹೆಕ್ಟೊಪಾಸ್ಕಲ್. ಯುರೋಪಿನ ಹಿಂಗಾರಿನ ಮಳೆಯಲ್ಲಿ, 8 ಡಿಗ್ರಿಯ ತೇವದ ಗಾಳಿಯಲ್ಲಿ, ಅದು 10ರ ಆಸುಪಾಸು. ಆರಿದ್ರಾ–ಪುನರ್ವಸು ಮಳೆಯ ಹೊತ್ತಿನಲ್ಲಿ ಬೆಳಗಾವಿಯ 23 ಡಿಗ್ರಿಯ, ಹೆಚ್ಚೂಕಡಿಮೆ ನೀರಿನಿಂದಲೇ ತುಂಬಿದ ಗಾಳಿಯಲ್ಲಿ ಅದು 27ರ ಹತ್ತಿರ. ಅಂದರೆ ಅಲ್ಲಿ 43ರ ಅಂತರ ಆವಿಯನ್ನು ಎಳೆದರೆ ಇಲ್ಲಿ ಎಳೆಯುವುದು 26ರ ಅಂತರ. ತಂಪುದೇಶಗಳಲ್ಲಿ ಹೊಗಳಿಸಿಕೊಂಡ ಜಾಕೆಟ್ ಕೂಡ ನಮ್ಮಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಕೆಲಸವನ್ನಷ್ಟೇ ಮಾಡಬಲ್ಲದು, ಇದರಲ್ಲಿ ತಯಾರಕರ ತಪ್ಪಿಲ್ಲ.

ಇದರ ಮೇಲೆ, ತಾವು ಹೇಳಿದಂತೆ ಹೊರಬಟ್ಟೆ ನೀರು ಕುಡಿದುಬಿಟ್ಟರೆ ಆವಿಯ ದಾರಿ ಇನ್ನಷ್ಟು ಮುಚ್ಚುತ್ತದೆ. ನೀರು ಒಳಗೆ ಇಳಿಯದೆ ಇದ್ದರೂ ಸವಾರನಿಗೆ ಜಾಕೆಟ್ ಸೋರುತ್ತಿದೆ ಎಂದೇ ಅನ್ನಿಸುತ್ತದೆ. ಹೀಗಿರುವಾಗ ಬೆಳಗಾವಿಗೆ ನಾನು ಆರಿಸುವುದು ಮೂರನೆಯದನ್ನು. ಬಟ್ಟೆಯ ಮೂಲಕ ಹೋಗಲಾರದ ಆವಿ ಕಂಕುಳ ಝಿಪ್ಪಿನಿಂದ, ಬೆನ್ನ ಕಿಂಡಿಯಿಂದ ಗಾಳಿಯೊಡನೆ ಹೋಗುತ್ತದೆ; ಆ ದಾರಿಯ ಮುಂದೆ, ನೀರನ್ನು ತಡೆದು ಆವಿಯನ್ನು ಬಿಡುವ ಯಾವ ಪೊರೆಯ ಅಂಕಿಯೂ ನಿಲ್ಲುವುದಿಲ್ಲ.

ಇನ್ನು ಬೆವರೋ ಮಳೆಯೋ ಎಂಬ ಪ್ರಶ್ನೆ. ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ಉತ್ತರ ಸಿಗುತ್ತದೆ. ಬೂದು ಬಣ್ಣದ ಒಣ ಹತ್ತಿಯ ಅಂಗಿಯ ಮೇಲೆ ಜಾಕೆಟ್ ತೊಟ್ಟು, ಬೆನ್ನಿಗೆ ಎಂದಿನ ಚೀಲವನ್ನೂ ಹಾಕಿಕೊಂಡು, ಮಳೆ ಬರುವಾಗ ತಾರಸಿಯ ಮೇಲೆ ಕಾಲು ಗಂಟೆ ಸುಮ್ಮನೆ ನಿಲ್ಲಿ. ತೋಳುಗಳನ್ನು ಹ್ಯಾಂಡಲ್ ಹಿಡಿದಂತೆ ಮುಂದೆ ಚಾಚಿರಬೇಕು. ಶ್ರಮವಿಲ್ಲದ್ದರಿಂದ ಆಗ ಒದ್ದೆಯಾದದ್ದು ಸೋರಿದ ನೀರು. ಬೂದು ಬಟ್ಟೆಯ ಮೇಲೆ ಅದು ಎಲ್ಲಿ ಇಳಿಯಿತೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಮಳೆ ಬಿಟ್ಟ ಇನ್ನೊಂದು ದಿನ ಅದೇ ಜಾಕೆಟ್ ತೊಟ್ಟು ಅದೇ ವೇಗದಲ್ಲಿ ಮಚ್ಛೆಯವರೆಗೆ ಹೋಗಿ. ಆಗ ಒದ್ದೆಯಾದದ್ದು ಬೆವರು. ಸಾಮಾನ್ಯವಾಗಿ ಸೋರಿಕೆ ಹೊಲಿಗೆಯ ಉದ್ದಕ್ಕೆ, ಝಿಪ್ಪಿನ ಹಿಂದೆ, ಹೆಗಲಿನಲ್ಲಿ ಗೆರೆಯಾಗಿ ಅಥವಾ ಮಚ್ಚೆಯಾಗಿ ಕಾಣುತ್ತದೆ. ಬೆವರು ಮುಂಗೈ, ಎದೆ, ಬೆನ್ನಿನ ಮೇಲೆ ಒಂದೇ ಸಮನಾಗಿ ಹರಡಿರುತ್ತದೆ.

ಉತ್ತರ
ಬರೆದವರು: ವಡಗಾವಿ ಹೊಲಿಗೆ

ಸವಾರ ಅಣ್ಣಾವರಿಗೆ ನಮಸ್ಕಾರ. ನಾನು ಚೀಲ, ಗಾಡಿಯ ಹೊದಿಕೆ, ರೇನ್‌ಕೋಟ್‌ಗಳ ಹೊಲಿಗೆ ಮತ್ತು ರಿಪೇರಿ ಮಾಡುವವಳು. ಮೇಲಿನವರು ಬಟ್ಟೆಯ ವಿಷಯವನ್ನು ಪೂರ್ತಿಯಾಗಿ ಹೇಳಿದ್ದಾರೆ. ಆದರೆ ನನ್ನ ಬಳಿ ರಿಪೇರಿಗೆ ಬರುವ ರೇನ್‌ಕೋಟ್‌ಗಳಲ್ಲಿ ಬಟ್ಟೆಯ ನಡುವಿನಿಂದ ನೀರು ಇಳಿದದ್ದು ಅಪರೂಪ. ನೀರು ಇಳಿದಿರುವುದು ಹೊಲಿಗೆಯಿಂದ. ಸೂಜಿ ಹೋದ ಕಡೆಯಲ್ಲೆಲ್ಲ ಒಂದು ತೂತು ಇರುತ್ತದೆ, ದಾರವೇ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಜಾಕೆಟ್ ಕೈಗೆ ಬಂದ ಕೂಡಲೇ ಅದನ್ನು ಒಳಹೊರಗು ಮಾಡಿ. ಎಲ್ಲ ಹೊಲಿಗೆಯ ಸಾಲುಗಳ ಮೇಲೂ ಅಂಟಿನ ಟೇಪ್ ಇದೆಯೇ, ಅಥವಾ ಹೆಗಲು ಮತ್ತು ಕೊರಳಿಗೆ ಮಾತ್ರ ಇದೆಯೇ ಎಂಬುದನ್ನು ಬೆರಳಿನಿಂದ ಸವರಿ ನೋಡಿ. ಎರಡೂ ಬಗೆಯ ಜಾಕೆಟ್‌ಗಳನ್ನು ಜಲನಿರೋಧಕ ಎಂಬ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಸೈಕಲ್ಲಿಗೆ ತೋಳಿನ ಮೇಲ್ಭಾಗದ ಹೊಲಿಗೆಯೂ ಮುಖ್ಯ, ಏಕೆಂದರೆ ಬಾಗಿ ಕುಳಿತವರ ಮುಂಗೈ ಮತ್ತು ತೋಳು ಮಳೆಗೆ ನೇರವಾಗಿ ಒಡ್ಡಿರುತ್ತವೆ. ಟೇಪಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿ. ಹೊಸದರಲ್ಲೇ ಏಳುವ ಟೇಪ್ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಮೂರು ಹೊಲಿಗೆಗಳು ಕೂಡುವ ಜಾಗ, ಅಂದರೆ ಕಂಕುಳು, ಎಲ್ಲಕ್ಕಿಂತ ಮೊದಲು ಬಿಡುತ್ತದೆ.

ಝಿಪ್ಪಿನ ಬಗ್ಗೆ ಹೇಳುವುದಾದರೆ, ಹೊಳಪಿನ ರಬ್ಬರಿನಂಥ ಲೇಪವಿರುವ ಝಿಪ್ ನೀರನ್ನು ಬಹುಮಟ್ಟಿಗೆ ತಡೆಯುತ್ತದೆ, ಪೂರ್ತಿಯಾಗಿ ಅಲ್ಲ. ಅದರ ಹಿಂದೆ ಉದ್ದಕ್ಕೂ ಒಂದು ಬಟ್ಟೆಯ ಪಟ್ಟಿ ಇರಲೇಬೇಕು. ಕೊರಳ ಬಳಿ ಝಿಪ್ಪಿನ ತುದಿ ಹೊಕ್ಕು ಕೂರುವ ಚಿಕ್ಕ ಮಡಿಕೆ ಇಲ್ಲದಿದ್ದರೆ ನೀರು ಅಲ್ಲಿಂದ ಎದೆಗೆ ಇಳಿಯುತ್ತದೆ, ಝಿಪ್ಪಿನ ತುದಿ ಗದ್ದಕ್ಕೂ ತಾಗುತ್ತಿರುತ್ತದೆ.

ಅಳತೆಯನ್ನು ನಿಂತು ನೋಡಬೇಡಿ. ಸಾಧ್ಯವಿದ್ದರೆ ಸೈಕಲ್ಲಿನ ಮೇಲೆ ಕುಳಿತು, ಇಲ್ಲವಾದರೆ ಅಂಗಡಿಯ ಮೇಜಿನ ಅಂಚನ್ನು ಹ್ಯಾಂಡಲ್ಲಿನಂತೆ ಹಿಡಿದು ಬಾಗಿ ನೋಡಿ. ಮಣಿಕಟ್ಟು ಬಯಲಾಗಬಾರದು, ಸೊಂಟದ ಹಿಂಭಾಗ ಮುಚ್ಚಿರಬೇಕು, ಹೊಟ್ಟೆಯ ಮುಂದೆ ಬಟ್ಟೆ ಚೀಲದಂತೆ ಜೋತುಬೀಳಬಾರದು. ಪೇಟೆಯಲ್ಲಿ ಸಿಗುವ ಸಾಮಾನ್ಯ ಮಳೆ ಜಾಕೆಟ್ ನಿಂತವರಿಗೆ ಹೊಲಿದದ್ದು. ಅದರ ಹಿಂಭಾಗ ಗಿಡ್ಡ, ತೋಳು ಗಿಡ್ಡ, ಮುಂಭಾಗ ಉದ್ದ. ಸೈಕಲ್ಲಿಗೆ ಬೇಕಾದದ್ದು ಇದಕ್ಕೆ ಪೂರ್ತಿ ತದ್ವಿರುದ್ಧವಾದ ಕಟ್ಟು. ಹಿಂಭಾಗ ಬಾಲದಂತೆ ಇಳಿದಿರುವ ಜಾಕೆಟ್ ಸಿಕ್ಕರೆ ಉಳಿದ ಚಿಕ್ಕಪುಟ್ಟ ಕೊರತೆಗಳನ್ನು ಸಹಿಸಿಯಾದರೂ ಅದನ್ನೇ ತೆಗೆದುಕೊಳ್ಳಿ. ತೋಳಿನ ತುದಿಗೆ ಬರೀ ಇಲಾಸ್ಟಿಕ್ ಇದ್ದರೆ ಅದು ನೀರು ಕುಡಿದು ಒಳಗಿನ ಅಂಗಿಗೆ ದಾಟಿಸುತ್ತದೆ, ಆದ್ದರಿಂದ ಅಂಟುವ ವೆಲ್ಕ್ರೋ ಪಟ್ಟಿ ಇರುವುದು ಮೇಲು.

ಟೊಪ್ಪಿಗೆಯ ಬಗ್ಗೆ ಒಂದು ಮಾತು. ಹೆಲ್ಮೆಟ್ಟಿನ ಮೇಲೆ ಹಾಕುವ ದೊಡ್ಡ ಟೊಪ್ಪಿಗೆ ಕತ್ತು ತಿರುಗಿಸಿದಾಗ ತಾನು ತಿರುಗುವುದಿಲ್ಲ; ಹಿಂದೆ ಬರುವ ಲಾರಿ ನೋಡಲು ತಿರುಗಿದರೆ ಕಣ್ಣಿಗೆ ಟೊಪ್ಪಿಗೆಯ ಒಳಭಾಗ ಕಾಣುತ್ತದೆ. ಖಾನಾಪುರ ರಸ್ತೆಯಲ್ಲಿ ಇದು ಅಪಾಯ. ಟೊಪ್ಪಿಗೆ ಬಿಚ್ಚಿಡಲು ಬರುವ ಜಾಕೆಟ್, ತಲೆಗೆ ಮುಂಚಾಚಿರುವ ತೆಳ್ಳನೆಯ ಕ್ಯಾಪ್, ಅದರ ಮೇಲೆ ಹೆಲ್ಮೆಟ್ ಸಾಕು.

ಉತ್ತರ
ಬರೆದವರು: ಹಿಂಗಾರು ಬಾಗಲಕೋಟೆ

ನಮ್ಮ ಕಡೆಯಿಂದ ಈ ಚರ್ಚೆಯನ್ನು ಓದುವವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಬಾಗಲಕೋಟೆ, ವಿಜಯಪುರಗಳಲ್ಲಿ ವರ್ಷದ ಮಳೆ ಬೆಳಗಾವಿಯ ಅರ್ಧದಷ್ಟು; ಅದರಲ್ಲೂ ದೊಡ್ಡದೊಂದು ಪಾಲು ಉತ್ತರೆ, ಹಸ್ತೆಗಳ ಹೊತ್ತಿಗೆ ಸಂಜೆಯ ಗುಡುಗಿನೊಡನೆ ಬಂದು ಹೋಗುತ್ತದೆ. ಇಲ್ಲಿನ ಸವಾರರಿಗೆ ದುಬಾರಿ ಪೊರೆಯ ಜಾಕೆಟ್ ಅನಗತ್ಯ. ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ತೆಳ್ಳನೆಯ ವಿಂಡ್‌ಚೀಟರ್ ಸಾಕು, ಮತ್ತು ಗುಡುಗು–ಸಿಡಿಲಿದ್ದಾಗ ಬಯಲಿನ ರಸ್ತೆಯಲ್ಲಿ ಸವಾರಿಯನ್ನೇ ನಿಲ್ಲಿಸಿ ಗಟ್ಟಿ ಕಟ್ಟಡವೊಂದರ ಒಳಗೆ ಸೇರುವುದು ಜಾಕೆಟ್ಟಿಗಿಂತ ಮುಖ್ಯ. ನಮಗೆ ತೊಂದರೆ ಕೊಡುವುದು ಎರೆಮಣ್ಣು. ಅದು ಮಡ್‌ಗಾರ್ಡ್ ಮತ್ತು ಚಕ್ರದ ನಡುವೆ ತುಂಬಿಕೊಂಡರೆ ಸೈಕಲ್ ಉರುಳುವುದೇ ಇಲ್ಲ.

ಮರುಪ್ರಶ್ನೆ
ಬರೆದವರು: ಶಹಾಪುರದ ಸವಾರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಹೇಳಿದಂತೆ ಬೂದು ಅಂಗಿಯನ್ನು ತೊಟ್ಟು ಎರಡೂ ಪರೀಕ್ಷೆಗಳನ್ನು ಮಾಡಿದೆ. ತಾರಸಿಯ ಮೇಲೆ ನಿಂತಾಗ ಮುಂಗೈ ಮತ್ತು ಬೆನ್ನು ಪೂರ್ತಿ ಒಣಗಿಯೇ ಇದ್ದವು, ಚೀಲದ ಪಟ್ಟಿಯ ಕೆಳಗೆ ಎರಡೂ ಹೆಗಲ ಮೇಲೆ ಮಾತ್ರ ಅಂಗೈಯಷ್ಟು ಅಗಲದ ಒದ್ದೆ ಮಚ್ಚೆ ಇತ್ತು. ಮಳೆಯಿಲ್ಲದ ದಿನ ಸವಾರಿ ಮಾಡಿದಾಗ ಮುಂಗೈ, ಬೆನ್ನು ಎರಡೂ ಒದ್ದೆಯಾಗಿದ್ದವು. ಅಲ್ಲಿಗೆ ಹೆಗಲಿನದು ಸೋರಿಕೆ, ಉಳಿದದ್ದು ಬೆವರು ಎಂದು ಸ್ಪಷ್ಟವಾಯಿತು.

ಈಗ ಇನ್ನೆರಡು ವಿಷಯ ತಿಳಿಯಬೇಕು. ಹೊರಬಟ್ಟೆ ನೀರು ಕುಡಿಯದಂತೆ ಮತ್ತೆ ಸರಿಪಡಿಸಲು ಬರುತ್ತದೆಯೇ? ಬಿಸಿಲೇ ಕಾಣದ ತಿಂಗಳುಗಳಲ್ಲಿ ಜಾಕೆಟ್ಟನ್ನು ಒಗೆದು ಒಣಗಿಸುವುದು ಹೇಗೆ?

ಉತ್ತರ
ಬರೆದವರು: ಟಿಳಕವಾಡಿ ಓದುಗ

ಎರಡೂ ಸಾಧ್ಯ. ಹೊರಬಟ್ಟೆಯ ಮೇಲೆ ನೀರು ಮಣಿಗಟ್ಟುವಂತೆ ಮಾಡುವುದು ಒಂದು ತೆಳುವಾದ ಸಂಸ್ಕಾರ, ಅಂದರೆ ನೀರು ಹಿಡಿಯದಂತೆ ಬಟ್ಟೆಗೆ ಹಚ್ಚಿದ ರಾಸಾಯನಿಕ. ನೀರನ್ನು ತಡೆಯುವ ಒಳಲೇಪ ಅಥವಾ ಪೊರೆ ಅದಕ್ಕಿಂತ ಬೇರೆ. ಕೊಳೆ, ಬೆವರಿನ ಎಣ್ಣೆ, ಚೀಲದ ಪಟ್ಟಿಯ ಉಜ್ಜಾಟ ಇವುಗಳಿಂದ ಮೊದಲು ಹಾಳಾಗುವುದು ಈ ಮೇಲಿನ ಸಂಸ್ಕಾರ. ಜಾಕೆಟ್ ಹಳತಾಯಿತೆಂದು ಎಸೆಯುವವರಲ್ಲಿ ಅನೇಕರ ಜಾಕೆಟ್‌ಗೆ ಬೇಕಾಗಿದ್ದದ್ದು ಒಂದು ಒಳ್ಳೆಯ ತೊಳೆತ ಮಾತ್ರ ಎಂಬುದು ನನಗೆ ನೋವಿನ ಸಂಗತಿ.

ಸಾಮಾನ್ಯ ಡಿಟರ್ಜೆಂಟ್ ಪುಡಿಯ ಶೇಷ ಬಟ್ಟೆಯಲ್ಲಿ ಉಳಿದು ನೀರನ್ನು ತಾನೇ ಎಳೆದುಕೊಳ್ಳುತ್ತದೆ, ಬಟ್ಟೆ ಮೆದುಗೊಳಿಸುವ ಕಂಡಿಷನರ್ ಅದಕ್ಕಿಂತಲೂ ಕೆಟ್ಟದ್ದು. ಮಳೆಯ ಉಡುಪಿಗೆಂದೇ ದೊರೆಯುವ ದ್ರವ ಸೋಪು ಅಥವಾ ಪರಿಮಳವಿಲ್ಲದ ಸೌಮ್ಯ ದ್ರವ ಸೋಪಿನಿಂದ, ಉಗುರುಬೆಚ್ಚಗಿನ ನೀರಿನಲ್ಲಿ, ಕೈಯಲ್ಲೇ ಒಗೆದು, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಹಿಂಡಬಾರದು, ಕಲ್ಲಿನ ಮೇಲೆ ಕುಕ್ಕಬಾರದು. ಒಣಗಿದ ನಂತರ ಒಳಗಿನ ಚೀಟಿಯಲ್ಲಿ ಇಸ್ತ್ರಿ ಮಾಡಬಹುದೆಂಬ ಗುರುತಿದ್ದರೆ, ಮೇಲೆ ತೆಳ್ಳನೆಯ ಹತ್ತಿ ಬಟ್ಟೆ ಹಾಸಿ, ಉಗಿ ಇಲ್ಲದ ಸಣ್ಣ ಬಿಸಿಯಲ್ಲಿ ಇಸ್ತ್ರಿ ಆಡಿಸಿ. ಆ ಶಾಖಕ್ಕೆ ಅಳಿದುಳಿದ ಸಂಸ್ಕಾರ ಮತ್ತೆ ಚುರುಕಾಗುತ್ತದೆ. ಇಷ್ಟಾದರೂ ಹನಿ ಉರುಳದಿದ್ದರೆ ಮಾತ್ರ ಸಿಂಪಡಿಸುವ ಹೊಸ ಸಂಸ್ಕಾರವನ್ನು ಕೊಂಡು ಹಾಕಬೇಕು.

ಅಂಥದ್ದನ್ನು ಕೊಳ್ಳುವಾಗ ಫ್ಲೋರಿನ್ ಇಲ್ಲದ್ದನ್ನು ಆರಿಸಿ ಎಂಬುದು ನನ್ನ ಕಳಕಳಿಯ ವಿನಂತಿ. ಹಿಂದಿನ ಫ್ಲೋರಿನ್ ಸಂಸ್ಕಾರಗಳು ಎಣ್ಣೆಯನ್ನೂ ದೂರವಿಡುತ್ತಿದ್ದವು ನಿಜ, ಆದರೆ ಆ ವರ್ಗದ ರಾಸಾಯನಿಕಗಳು ಮಣ್ಣಿನಲ್ಲಿ, ನೀರಿನಲ್ಲಿ ಒಡೆಯದೆ ಉಳಿದುಬಿಡುತ್ತವೆ. 1969ರಲ್ಲಿ ಬಾಬ್ ಗೋರ್ ಅವರು ಹಿಗ್ಗಿಸಿದ ಪಿ.ಟಿ.ಎಫ್.ಇ. ಎಂಬ ಫ್ಲೋರಿನ್ ಪ್ಲಾಸ್ಟಿಕ್ಕಿನ ಪೊರೆಯನ್ನು ಕಂಡುಹಿಡಿದದ್ದರಿಂದ ಹುಟ್ಟಿದ ಮಳೆಬಟ್ಟೆಯ ಹೆಸರಾಂತ ಬ್ರ್ಯಾಂಡ್ ಗೋರ್‌ಟೆಕ್ಸ್ ಕೂಡ 2022ರಿಂದ ಪಾಲಿಥಿಲೀನ್ ಆಧಾರದ, ಫ್ಲೋರಿನ್ ಇಲ್ಲದ ಪೊರೆಯನ್ನು ಮಾರುಕಟ್ಟೆಗೆ ತಂದಿದೆ. ಹೊಸ ಬಗೆಯ ಸಂಸ್ಕಾರಗಳು ಬೇಗ ಸವೆಯುವುದರಿಂದ ಒಗೆಯುವುದನ್ನು ಹೆಚ್ಚು ಶ್ರದ್ಧೆಯಿಂದ ಮಾಡಬೇಕಾಗುತ್ತದೆ. ರಕ್ಕಸಕೊಪ್ಪ ಜಲಾಶಯದ ನೀರನ್ನು ಕುಡಿಯುವ ನಮಗೆ ಆ ಶ್ರಮ ದೊಡ್ಡದಲ್ಲ.

ಒಣಗಿಸುವ ವಿಚಾರ: ಮನೆಗೆ ಬಂದ ಕೂಡಲೇ ಜಾಕೆಟ್ಟನ್ನು ಒಳಹೊರಗು ಮಾಡಿ, ಅಗಲವಾದ ಹ್ಯಾಂಗರಿಗೆ ಹಾಕಿ, ಎಲ್ಲ ಝಿಪ್ಪುಗಳನ್ನೂ ತೆರೆದು ಫ್ಯಾನಿನ ಕೆಳಗೆ ತೂಗುಹಾಕಿ. ಮಡಚಿ ಚೀಲದಲ್ಲಿ ಬಿಟ್ಟರೆ ಎರಡೇ ದಿನಕ್ಕೆ ವಾಸನೆ ಹಿಡಿದು ಬೂಸು ಬರುತ್ತದೆ. ಅದಕ್ಕಿಂತ ದೊಡ್ಡ ಹಾನಿ ಕಣ್ಣಿಗೆ ಬೇಗ ಕಾಣಿಸದು. ಪಾಲಿಯುರೆಥೇನ್ ಲೇಪ ತೇವ ಮತ್ತು ಸೆಕೆಯಲ್ಲಿ ಮೆಲ್ಲಗೆ ಒಡೆಯುತ್ತ ಹೋಗಿ, ಕೊನೆಗೆ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಹಾಗೆ ಒಮ್ಮೆ ಸಿಪ್ಪೆ ಎದ್ದ ಜಾಕೆಟ್ಟನ್ನು ಯಾವ ಸಿಂಪಡಿಕೆಯೂ ಉಳಿಸಲಾರದು. ಮಳೆಗಾಲ ಮುಗಿದ ಮೇಲೆ ಪೂರ್ತಿ ಒಣಗಿಸಿ, ಟ್ರಂಕಿನೊಳಗೆ ತುರುಕದೆ, ಗಾಳಿಯಾಡುವ ಕಡೆ ತೂಗುಹಾಕಿ ಇಡಿ.

ಉತ್ತರ
ಬರೆದವರು: ಜಾಂಬೋಟಿ ರಸ್ತೆ

ಎಲ್ಲವನ್ನೂ ಓದಿದೆ. ನೂಲು–ನೇಯ್ಗೆಯವರ ಲೆಕ್ಕವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಊರೊಳಗಿನ ಅರ್ಧ ಗಂಟೆಗೆ ಸರಿಯಾದ ತೀರ್ಮಾನ ದೂರದ ಸವಾರಿಗೆ ಸರಿಯಾಗುವುದಿಲ್ಲ ಎಂಬುದನ್ನು ಹೇಳಲೇಬೇಕಾಗಿದೆ. ಪೀರನವಾಡಿಯಿಂದ ಕಿಣಯೆ, ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋದಂತೆಲ್ಲ ಮಳೆಯ ಸ್ವಭಾವವೇ ಬದಲಾಗುತ್ತದೆ. ಅಲ್ಲಿ ಗಂಟೆಗಟ್ಟಲೆ ನಿಲ್ಲದ ಮಳೆ, ಮಂಜು, ಎದುರುಗಾಳಿ. ಏರಿನಲ್ಲಿ ಬೆವರಿ ನೆನೆದ ಸವಾರ ಇಳಿಜಾರಿನಲ್ಲಿ ಪೆಡಲು ತುಳಿಯದೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿದರೆ, ಹವೆ 20 ಡಿಗ್ರಿ ಇದ್ದರೂ ಒದ್ದೆ ಬಟ್ಟೆಯ ಮೇಲಿನ ಗಾಳಿಗೆ ಕೈಬೆರಳು ಮರಗಟ್ಟಿ ಬ್ರೇಕ್ ಹಿಡಿಯುವುದು ಕಷ್ಟವಾಗುತ್ತದೆ.

ಅಂಥಲ್ಲಿ ಜಾಕೆಟ್‌ನ ಕೆಲಸ ಮೈಯನ್ನು ಒಣಗಿಸಿಡುವುದು ಎಂದು ತಿಳಿಯಬಾರದು. ಮೂರು ಗಂಟೆಯ ಮಳೆಯಲ್ಲಿ ಒಣಗಿ ಉಳಿಯುವುದು ಯಾವ ಜಾಕೆಟ್‌ನಲ್ಲೂ ಆಗದು. ಒದ್ದೆಯಾದ ಮೈಗೆ ಗಾಳಿ ತಾಗದಂತೆ ತಡೆದು ಬಿಸುಪನ್ನು ಉಳಿಸುವುದೇ ಅದರ ಕೆಲಸ. ಹೀಗೆ ನೋಡಿದರೆ ಒಳಗೆ ಏನು ತೊಟ್ಟಿದ್ದೇವೆ ಎಂಬುದಕ್ಕೂ ಅಷ್ಟೇ ಬೆಲೆ ಬರುತ್ತದೆ. ಹತ್ತಿಯ ಅಂಗಿ ನೀರು ಹಿಡಿದು ಮೈಗೆ ಅಂಟಿ ತಂಪಾಗುತ್ತದೆ. ತೆಳುವಾದ ಉಣ್ಣೆ ಒದ್ದೆಯಾದರೂ ಬಿಸುಪನ್ನು ಒಂದಿಷ್ಟು ಹಿಡಿದಿಡುತ್ತದೆ. ನಮ್ಮ ರೈತರು, ಕುರಿಗಾಹಿಗಳು ಮಳೆಯಲ್ಲಿ ಕರಿ ಕಂಬಳಿಯ ಕೊಪ್ಪೆ ಹಾಕಿ ದಿನವಿಡೀ ಹೊಲದಲ್ಲಿ ನಿಲ್ಲುತ್ತಿದ್ದುದು ಇದೇ ಗುಣದ ಬಲದಿಂದ. ಉಣ್ಣೆ ಸಿಗದಿದ್ದರೆ ಜಾಳುಜಾಳಾದ ಪಾಲಿಯೆಸ್ಟರ್ ಒಳಅಂಗಿಯಾದರೂ ಇರಲಿ.

ಪಾಂಚೋ, ಅಂದರೆ ತಲೆಯ ಮೇಲಿಂದ ಇಳಿಬಿಡುವ ತೋಳಿಲ್ಲದ ಮಳೆಹೊದಿಕೆಯ ಬಗ್ಗೆ ಯಾರೂ ಹೇಳಲಿಲ್ಲ. ಕೆಳಗೆ ತೆರೆದಿರುವುದರಿಂದ ಅದರಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ನಿಧಾನವಾಗಿ ಪೇಟೆಯೊಳಗೆ ಹೋಗುವವರಿಗೆ ಬಲು ಹಿತ. ಆದರೆ ಖಾನಾಪುರ ರಸ್ತೆಯಲ್ಲಿ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಎದ್ದ ಗಾಳಿ ಅದನ್ನು ಹಾಯಿಯಂತೆ ಉಬ್ಬಿಸಿ ಸೈಕಲ್ಲನ್ನೇ ಎಳೆಯುತ್ತದೆ. ಶಹಾಪುರದ ಅಣ್ಣಾವರ ದಾರಿಗೆ ಅದು ಬೇಡ.

ಬಣ್ಣವನ್ನು ದಯವಿಟ್ಟು ಕಡೆಗಣಿಸಬೇಡಿ. ಮಳೆಯ ಮಬ್ಬಿನಲ್ಲಿ, ಒರೆಸುಕಡ್ಡಿ ಆಡುತ್ತಿರುವ ಗಾಜಿನ ಹಿಂದೆ ಕುಳಿತ ಚಾಲಕನಿಗೆ ಕಪ್ಪು, ಬೂದು, ಕಡುನೀಲಿ ಜಾಕೆಟ್ ಕಾಣುವುದೇ ಇಲ್ಲ. ಹಗಲಿಗೆ ಹೊಳೆಯುವ ಹಳದಿ ಅಥವಾ ಕಿತ್ತಳೆ ಬೇಕು. ಕತ್ತಲಲ್ಲಿ ಆ ಬಣ್ಣಕ್ಕೆ ಬೆಲೆಯಿಲ್ಲ, ಆಗ ದೀಪದ ಬೆಳಕನ್ನು ತಿರುಗಿ ಕಳಿಸುವ ಪಟ್ಟಿಗಳು ಬೇಕು, ಮತ್ತು ಅವು ಜಾಕೆಟ್‌ನ ಬೆನ್ನಿಗಿಂತ ಕಾಲಿನ ಗಿಣ್ಣಿಗೆ ಕಟ್ಟಿದಾಗ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಪೆಡಲಿನೊಡನೆ ಮೇಲೆ ಕೆಳಗೆ ಆಡುವ ಬೆಳಕನ್ನು ಕಂಡ ಚಾಲಕ ಅದು ಸೈಕಲ್ ಎಂದು ತಟ್ಟನೆ ಗುರುತಿಸುತ್ತಾನೆ. ರಾತ್ರಿ ಪಾಳಿ ಇರುವವರು ಜಾಕೆಟ್‌ಗೆ ಇಟ್ಟ ಹಣದಲ್ಲಿ ಸ್ವಲ್ಪವನ್ನು ಇದಕ್ಕೆ ಎತ್ತಿಡಬೇಕು.

ಕೊನೆಯದಾಗಿ, ಸೈಕಲ್ಲಿಗೆ ಪೂರ್ತಿ ಉದ್ದದ ಮಡ್‌ಗಾರ್ಡ್ ಇದೆಯೇ? ಹಿಂದಿನ ಚಕ್ರ ಎರಚುವ ಕೆಂಪು ಕೆಸರು ಬೆನ್ನಿಗೆ, ಮುಂದಿನದು ಎರಚುವ ನೀರು ಬೂಟಿಗೆ ಬರುತ್ತದೆ. ಮಡ್‌ಗಾರ್ಡಿಲ್ಲದ ಸೈಕಲ್ಲಿನ ಮೇಲೆ ಯಾವ ಜಾಕೆಟ್ಟನ್ನೂ ಸರಿಯಾಗಿ ಅಳೆದು ನೋಡಲಾಗದು, ಏಕೆಂದರೆ ಆ ನೀರು ಕೆಳಗಿನಿಂದ ಬರುತ್ತದೆ.

ಮರುಪ್ರಶ್ನೆ
ಬರೆದವರು: ಶಹಾಪುರದ ಸವಾರ

ಮಡ್‌ಗಾರ್ಡ್ ಎರಡೂ ಚಕ್ರಕ್ಕಿದೆ. ಎಲ್ಲರ ಮಾತನ್ನು ಕೂಡಿಸಿ ನೋಡಿ, ಕಂಕುಳ ಝಿಪ್ ಇರುವ ತೆಳುವಾದ ಮೂರನೆಯ ಜಾಕೆಟ್ಟನ್ನೇ ಹಳದಿ ಬಣ್ಣದಲ್ಲಿ ಕೊಳ್ಳಲು ತೀರ್ಮಾನಿಸಿದ್ದೇನೆ. ಬೆನ್ನಿನ ಚೀಲವನ್ನು ಬಿಟ್ಟು ಹಿಂದಿನ ಕ್ಯಾರಿಯರಿಗೆ ಚೀಲ ಕಟ್ಟುವ ಯೋಚನೆಯೂ ಇದೆ, ಆಗ ಬೆನ್ನ ಕಿಂಡಿ ಮುಚ್ಚಿಹೋಗುವುದಿಲ್ಲ. ಹಳೆಯ ಜಾಕೆಟ್ಟನ್ನು ತಮ್ಮನಿಗೆ ಕೊಡಬೇಕೆಂದಿದ್ದೇನೆ. ಅದರ ಹೆಗಲಿನ ಸೋರಿಕೆಯನ್ನು ಮನೆಯಲ್ಲೇ ಸರಿಪಡಿಸಬಹುದೇ, ವಡಗಾವಿ ಅಕ್ಕಾವರೇ?

ಉತ್ತರ
ಬರೆದವರು: ವಡಗಾವಿ ಹೊಲಿಗೆ

ಒಳಹೊರಗು ಮಾಡಿ ಬೆಳಕಿಗೆ ಹಿಡಿದು ನೋಡಿ. ಲೇಪವೇ ಸವೆದು ಬಟ್ಟೆ ಜಾಳಾಗಿ ಕಾಣುತ್ತಿದ್ದರೆ ಆಗದು. ಟೇಪ್ ಮಾತ್ರ ಎದ್ದಿದ್ದರೆ ಮನೆಯಲ್ಲೇ ಸರಿಪಡಿಸಬಹುದು. ಎದ್ದ ಟೇಪನ್ನು ಮೆಲ್ಲಗೆ ಕಿತ್ತು, ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಲಿಗೆಯ ಉದ್ದಕ್ಕೂ ಪಾಲಿಯುರೆಥೇನ್ ಸೀಮ್ ಸೀಲರನ್ನು, ಅಂದರೆ ಹೊಲಿಗೆಯ ತೂತು ಮುಚ್ಚುವ ಅಂಟನ್ನು, ಚಿಕ್ಕ ಕುಂಚದಿಂದ ತೆಳುವಾಗಿ ಹಚ್ಚಿ, ಒಂದು ರಾತ್ರಿ ಗಾಳಿಗೆ ಬಿಡಿ. ಸಿಲಿಕಾನ್ ಲೇಪದ ಬಟ್ಟೆಯಾದರೆ ಇದು ಹಿಡಿಯುವುದಿಲ್ಲ, ಅದಕ್ಕೆ ಸಿಲಿಕಾನ್ ಸೀಲರೇ ಬೇಕು. ಯಾವುದೆಂದು ತಿಳಿಯಲು ಕಾಣದ ಮೂಲೆಯೊಂದರಲ್ಲಿ ಒಂದು ಹನಿ ಹಚ್ಚಿ ಮರುದಿನ ಉಗುರಿನಿಂದ ಕೆರೆದು ನೋಡಿ. ಸಿಪ್ಪೆಯಂತೆ ಎದ್ದು ಬಂದರೆ ಸೀಲರ್ ಬದಲಿಸಿ. ತಮ್ಮನವರ ತೋಳು ನಿಮಗಿಂತ ಉದ್ದವಾಗಿದ್ದರೆ ಕೊಡುವ ಮೊದಲು ಒಮ್ಮೆ ಸೈಕಲ್ಲಿನ ಮೇಲೆ ಕೂರಿಸಿ ಮಣಿಕಟ್ಟನ್ನು ನೋಡಿಕೊಳ್ಳಿ. ಗಿಡ್ಡವಾಗಿದ್ದರೆ ಮೂರು ಬೆರಳಿನಷ್ಟು ಪಟ್ಟಿ ಕೂಡಿಸಲು ಬರುತ್ತದೆ, ಆ ಹೊಲಿಗೆಗೂ ಇದೇ ಸೀಲರ್ ಹಚ್ಚಬೇಕು.